ಹಳೆಯ ನಗರಗಳೂ ಛಾಯಾಚಿತ್ರಗಳೂ



ಚಿತ್ರಗಳ ವಿಷಯವಾಗಿ ಆಕಾಶವಾಣಿಯಲ್ಲಿ ಮಾತನಾಡುವುದೆಂದರೆ ಹೂವಿನ ಪರಿಮಳವನ್ನು ಕಾಗದದ ಮೇಲೆ ಬರೆದು ಕಳುಹಿಸಿದಂತೆ ಸರಿ. ನಾನು ಈ ಹೊತ್ತು ಹೇಳಲಿರುವ ಪಟಗಳಲ್ಲಿ ಒಂದನ್ನಾದರೂ ನಿಮ್ಮ ಮುಂದೆ ಹಿಡಿದು ತೋರಿಸುವ ಅನುಕೂಲ ನನಗಿಲ್ಲ. ಆದರೆ ಇದರಿಂದ ಒಂದು ಪ್ರಯೋಜನವೂ ಉಂಟು. ಚಿತ್ರ ಕಣ್ಣೆದುರಿಗೆ ಇದ್ದಾಗ ನಾವು ‘ಚೆನ್ನಾಗಿದೆ’ ಎಂದು ಹೇಳಿ ಪುಟವನ್ನು ಮಗುಚಿಬಿಡುತ್ತೇವೆ. ಅದು ಎದುರಿಗೆ ಇಲ್ಲದಿರುವಾಗ, ಅದನ್ನು ತೆಗೆದವನು ಯಾರು, ಏತಕ್ಕಾಗಿ ತೆಗೆದ, ಅವನು ನಿಂತಿದ್ದ ಜಾಗದಲ್ಲಿ ಈಗ ಏನಿದೆ, ಎಂಬುದನ್ನೆಲ್ಲ ವಿಚಾರಮಾಡುವುದಕ್ಕೆ ಬಿಡುವು ದೊರೆಯುತ್ತದೆ. ಹಳೆಯ ನಗರಗಳ ಕಟ್ಟಡಗಳನ್ನು ಕಪ್ಪು ಬಿಳುಪಿನಲ್ಲಿ ಹಿಡಿದಿಟ್ಟ ಛಾಯಾಚಿತ್ರಗಳ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವೇ ಎಂದು ನನ್ನ ಭಾವನೆ.

ಮೊದಲು ಬಣ್ಣದ ಮಾತು. ಈಗ ಎಲ್ಲರ ಜೇಬಿನಲ್ಲಿಯೂ ಕ್ಯಾಮರಾ ಇದೆ. ಅದು ಕ್ಷಣಮಾತ್ರದಲ್ಲಿ ಸಕಲ ವರ್ಣಗಳನ್ನೂ ಗ್ರಹಿಸುತ್ತದೆ. ಹೀಗಿರುವಾಗ ಬಣ್ಣವಿಲ್ಲದ ಪಟವನ್ನು ಮೆಚ್ಚುವುದೇಕೆ ಎಂದು ಕೆಲವರು ಕೇಳುವುದುಂಟು. ಇದಕ್ಕೆ ಉತ್ತರ ಕಲ್ಲಿನಲ್ಲಿಯೇ ಇದೆ. ಕಟ್ಟಡವೆಂಬುದು ಮುಖ್ಯವಾಗಿ ಆಕಾರ. ಆಕಾರವನ್ನು ನಮ್ಮ ಕಣ್ಣಿಗೆ ತಿಳಿಸುವುದು ಬೆಳಕು ನೆರಳುಗಳು. ಬೇಲೂರಿನ ಗೋಡೆಯನ್ನು ನಡುಹಗಲಿನಲ್ಲಿ ನೋಡಿದವರಿಗೂ, ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತು ನೋಡಿದವರಿಗೂ ಅದು ಒಂದೇ ಗೋಡೆಯಾಗಿ ತೋರುವುದಿಲ್ಲ. ನೆತ್ತಿಯ ಮೇಲಿನ ಸೂರ್ಯನು ಕೆತ್ತನೆಯ ತೆರಪುಗಳನ್ನು ಮುಚ್ಚಿಬಿಡುತ್ತಾನೆ. ಓರೆಯ ಬಿಸಿಲು ಒಂದೊಂದು ಮಣಿಯ ಪಕ್ಕದಲ್ಲಿಯೂ ಒಂದೊಂದು ನೆರಳನ್ನು ಇಟ್ಟು, ಶಿಲ್ಪಿಯ ಉಳಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ಲೆಕ್ಕ ಒಪ್ಪಿಸುತ್ತದೆ. ಕಪ್ಪು ಬಿಳುಪಿನ ಪಟವು ಈ ಲೆಕ್ಕವನ್ನು ಮಾತ್ರ ಬರೆದುಕೊಳ್ಳುತ್ತದೆ. ಪಕ್ಕದ ಅಂಗಡಿಯ ಕೆಂಪು ಹಲಗೆಯಾಗಲಿ ನೀಲಿ ತಗಡಾಗಲಿ ಅದರಲ್ಲಿ ಕೂಗಾಡುವುದಿಲ್ಲ. ಕಂಬ, ಬೋದಿಗೆ, ಲೋವೆ, ಮೆಟ್ಟಿಲು, ಇವು ತಮ್ಮ ತಮ್ಮ ಸ್ಥಾನದಲ್ಲಿ ನಿಂತು ಮಾತನಾಡುತ್ತವೆ.

ಆದರೆ ಹಿಂದಿನವರು ಬಣ್ಣವನ್ನು ಬಿಟ್ಟದ್ದು ಅಭಿರುಚಿಯಿಂದಲ್ಲ; ಅವರಿಗೆ ಬೇರೆ ಮಾರ್ಗವಿರಲಿಲ್ಲ. 1839ರಲ್ಲಿ ಫ್ರಾನ್ಸಿನ ಡಾಗೆರ್ ಮಹಾಶಯನು ಬೆಳ್ಳಿಯ ತಗಡಿನ ಮೇಲೆ ಚಿತ್ರವನ್ನು ಮೂಡಿಸುವ ವಿಧಾನವನ್ನು ಲೋಕಕ್ಕೆ ತಿಳಿಸಿದನು. ಇಂಗ್ಲೆಂಡಿನ ಟಾಲ್ಬಟ್ ಎಂಬಾತನು ಅದೇ ಕಾಲದಲ್ಲಿ ಕಾಗದದ ಮೇಲೆ ಚಿತ್ರವನ್ನು ಹಿಡಿಯುವ ಬೇರೊಂದು ದಾರಿಯನ್ನು ಕಂಡುಕೊಂಡನು. ಟಾಲ್ಬಟ್ಟನ ಕಾಗದದಲ್ಲಿ ಬೆಳಕು ಕಪ್ಪಾಗಿಯೂ ನೆರಳು ಬೆಳ್ಳಗಾಗಿಯೂ ಮೊದಲು ಮೂಡುತ್ತಿದ್ದವು. ನೆಗೆಟಿವ್ ಎಂದು ಕರೆಯುವ ಈ ವಿಪರೀತ ಚಿತ್ರವನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿದರೆ ಸರಿಯಾದ ಚಿತ್ರ ದೊರೆಯುತ್ತಿತ್ತು. ಒಂದು ನೆಗೆಟಿವಿನಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದು. ಇದೇ ಅದರ ಹೆಚ್ಚುಗಾರಿಕೆ.

1851ರಲ್ಲಿ ಎರಡು ಸುಧಾರಣೆಗಳು ಪ್ರಕಟವಾದುವು. ಆರ್ಚರ್ ಎಂಬಾತನು ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹಚ್ಚಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ತೊಳೆಯುವ ಕ್ರಮವನ್ನು ಹೊರಪಡಿಸಿದನು. ಲೆ ಗ್ರೇ ಎಂಬ ಫ್ರೆಂಚರವನು ಕಾಗದಕ್ಕೆ ಮೊದಲೇ ಜೇನುಮೇಣವನ್ನು ಊಡಿಸಿ ಆಮೇಲೆ ಬೆಳ್ಳಿಯ ಲವಣಗಳಲ್ಲಿ ಅದ್ದುವ ಕ್ರಮವನ್ನು ತಂದನು. ಗಾಜಿನ ಚಿತ್ರ ಹೆಚ್ಚು ಸ್ಫುಟ, ನಿಜ. ಆದರೆ ನಮ್ಮ ದೇಶದ ಸೆಕೆಯಲ್ಲಿ ಆ ಒದ್ದೆಯ ಲೇಪ ಬೇಗನೆ ಒಣಗಿಹೋಗುತ್ತದೆ. ಅಲ್ಲದೆ ಹೋದೆಡೆಗೆಲ್ಲ ಕತ್ತಲೆಯ ಡೇರೆಯೊಂದು ಬೇಕು, ಗಾಜು ಒಡೆಯದ ಹಾಗೆ ಹೊರುವ ಆಳುಗಳು ಬೇಕು. ಮೇಣದ ಕಾಗದವಾದರೋ ಹಗುರ. ಮೊದಲೇ ಸಿದ್ಧಪಡಿಸಿ ಕೆಲವು ದಿವಸ ಇಟ್ಟುಕೊಳ್ಳಬಹುದು. ಹಗಲೆಲ್ಲ ಚಿತ್ರ ತೆಗೆದು ಬಿಡಾರಕ್ಕೆ ಮರಳಿದ ಮೇಲೆ ರಾತ್ರಿ ತೊಳೆದುಕೊಳ್ಳಬಹುದು. ಕನ್ನಡನಾಡಿನ ಹಾಳೂರುಗಳ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಹಲವು ಕಾಗದದ ನೆಗೆಟಿವಿನಿಂದ ಬಂದಿರುವುದಕ್ಕೆ ಈ ಅನುಕೂಲವೂ ಒಂದು ಕಾರಣ.

ಅವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಹಂಪೆಯ ಚಿತ್ರಮಾಲೆ. ಮದ್ರಾಸ್ ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ವಿಜಯನಗರದ ಅವಶೇಷಗಳ ನಡುವೆ ದೊಡ್ಡ ಕ್ಯಾಮರಾವೊಂದನ್ನು ಹೂಡಿ, ಅರವತ್ತರ ಆಸುಪಾಸಿನಷ್ಟು ಮೇಣದ ಕಾಗದದ ನೆಗೆಟಿವುಗಳನ್ನು ತೆಗೆದನು. ಒಂದೊಂದು ಕಾಗದವೂ ಅಗಲದಲ್ಲಿ ಒಂದು ಅಡಿಗೆ ಮೀರಿದ್ದು. ಆಗ ದೊಡ್ಡದು ಮಾಡಿ ಅಚ್ಚುಹಾಕುವ ಯಂತ್ರಗಳು ಬಳಕೆಯಲ್ಲಿರಲಿಲ್ಲ. ಚಿತ್ರ ಎಷ್ಟು ದೊಡ್ಡದಾಗಬೇಕೋ ಕಾಗದವೂ ಅಷ್ಟೇ ದೊಡ್ಡದು, ಪೆಟ್ಟಿಗೆಯೂ ಅದಕ್ಕೆ ತಕ್ಕದ್ದು. ಮಸೂರದ ಮುಚ್ಚಳವನ್ನು ತೆಗೆದು ನಿಮಿಷಗಟ್ಟಲೆ ಕಾದು ಮತ್ತೆ ಮುಚ್ಚಬೇಕು. ಗಾಳಿಗೆ ಪೆಟ್ಟಿಗೆ ಅಲುಗಿದರೆ ಅಷ್ಟು ಹೊತ್ತಿನ ಕೆಲಸವೆಲ್ಲ ವ್ಯರ್ಥ. ಬಂಡೆಗಳ ಮೇಲಿಂದ ಬಂಡೆಗಳಿಗೆ ಈ ಸರಂಜಾಮನ್ನು ಹೊತ್ತು ತಿರುಗಿದ ಕೂಲಿಯಾಳುಗಳ ಹೆಸರುಗಳು ಪಟಗಳ ಮೇಲೆ ಇಲ್ಲವಾದರೂ, ಅವರ ಬೆವರು ಪ್ರತಿಯೊಂದರಲ್ಲಿಯೂ ಸೇರಿದೆಯೆಂಬುದನ್ನು ನಾವು ಮರೆಯಲಾಗದು.

ಈ ನೆಗೆಟಿವುಗಳು ಬಹುಕಾಲ ಲೋಕದ ಕಣ್ಣಿಗೆ ಬೀಳದೆ ಇದ್ದು, ಇಪ್ಪತ್ತನೆಯ ಶತಮಾನದ ಕಡೆಯ ಭಾಗದಲ್ಲಿ ವಿದ್ವಾಂಸರ ಗಮನಕ್ಕೆ ಬಂದುವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ವಾಸ್ತುಚಿತ್ರಗಾರರು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿಕೊಂಡು ಹೋಗಿ ಅಲ್ಲಿಂದಲೇ ಮರಳಿ ಚಿತ್ರಗಳನ್ನು ತೆಗೆದರು. ಎರಡು ಪಟಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ನೂರ ಇಪ್ಪತ್ತೇಳು ವರ್ಷಗಳ ಅಂತರ ಒಂದೇ ನೋಟಕ್ಕೆ ಸಿಕ್ಕುತ್ತದೆ. ಬಂಡೆಗಳು ಕದಲಿಲ್ಲ, ಬೆಟ್ಟದ ಗೆರೆ ಹಾಗೆಯೇ ಇದೆ. ಮನುಷ್ಯನು ಕಟ್ಟಿದ್ದು ಮಾತ್ರ ಕೆಲವೆಡೆ ಇಳಿದಿದೆ, ಕೆಲವೆಡೆ ಮರಳಿ ಎದ್ದಿದೆ.

ಒಂದು ನಿದರ್ಶನವನ್ನು ಹೇಳುತ್ತೇನೆ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಅರಿಯದ ಕನ್ನಡಿಗನಿಲ್ಲ. ಹಂಪೆಗೆ ಹೋಗದವರೂ ಅದನ್ನು ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ದಿನವೂ ಕಾಣುತ್ತಾರೆ. ವಾಸ್ತವವಾಗಿ ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ನಾವು ಕಾಣುವ ರಥದ ನೆತ್ತಿ ಚಪ್ಪಟೆಯಾಗಿದೆ. ಅದೇ ಅದರ ಮೂಲರೂಪವೆಂದು ನಾವೆಲ್ಲರೂ ನಂಬಿಕೊಂಡಿದ್ದೇವೆ. ಗ್ರೀನ್‌ಲಾ ತೆಗೆದ ಪಟದಲ್ಲಿ ಹಾಗಿಲ್ಲ. ಅದರಲ್ಲಿ ರಥದ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದು, ಮುಕ್ಕಾಗಿದ್ದರೂ, ಸ್ಪಷ್ಟವಾಗಿ ನಿಂತಿದೆ. ಆಮೇಲಿನ ದಿನಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ಇನ್ನೊಂದು ಮಾತು: ರಥವನ್ನು ಎಳೆಯುವಂತೆ ಈಗ ಮುಂದೆ ನಿಂತಿರುವ ಆನೆಗಳು ಮೊದಲು ಅಲ್ಲಿದ್ದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲುಗಳೂ ಬಾಲಗಳೂ ಇಂದಿಗೂ ಕಾಣುತ್ತವೆ. ಹೀಗೆ ನಮ್ಮ ನಾಡಿನ ಅತಿ ಪ್ರಸಿದ್ಧವಾದ ಶಿಲಾಕೃತಿಯೊಂದು ತಲೆಯಲ್ಲಿಯೂ ಮುಂಭಾಗದಲ್ಲಿಯೂ ಮಾರ್ಪಾಟು ಹೊಂದಿದೆ. ಆ ಶಿಖರವು ನಮ್ಮ ತಾತಂದಿರ ತಾತಂದಿರ ಕಾಲದವರೆಗೂ ಇತ್ತೆಂಬುದನ್ನು ನಮಗೆ ಕಣ್ಣಾರೆ ತೋರಿಸುವುದು ಮೇಣ ಹಚ್ಚಿದ ಒಂದು ಕಾಗದ.

ಗ್ರೀನ್‌ಲಾಗಿಂತ ಸ್ವಲ್ಪ ಮುಂಚೆ, 1854ರ ಡಿಸೆಂಬರ್ ತಿಂಗಳಿನಲ್ಲಿ, ಲಿನೀಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಹಳೇಬೀಡು ಬೇಲೂರುಗಳಲ್ಲಿ ಚಿತ್ರಗಳನ್ನು ತೆಗೆದಿದ್ದನು. ಅವು ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದುವು. ಇದೇ ಟ್ರೈಪನು 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಮೇಲಿನ ಶಾಸನಗಳನ್ನು ಇಪ್ಪತ್ತೊಂದು ಪಟಗಳಲ್ಲಿ ತೆಗೆದು, ಒಂದಕ್ಕೊಂದು ಜೋಡಿಸಿ, ಹತ್ತೊಂಬತ್ತು ಅಡಿಗಳಷ್ಟು ಉದ್ದದ ಸುರುಳಿಯನ್ನು ಮಾಡಿದನು. ಬೊಂಬಾಯಿ ಸೇನೆಯ ತಾಮಸ್ ಬಿಗ್ಸ್ ಎಂಬಾತನನ್ನು 1855ರಲ್ಲಿ ಅಲ್ಲಿನ ಸರಕಾರ ಈ ಕೆಲಸಕ್ಕಾಗಿಯೇ ನಿಯಮಿಸಿತು. ವಿಜಾಪುರದ ಗುಮ್ಮಟ ಮಸೀದಿಗಳ ಪಟಗಳು ಆತನವು. ಬಿಗ್ಸನೂ ಪಿಗೊ, ನೀಲ್ ಎಂಬ ವೈದ್ಯರಿಬ್ಬರೂ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಇವರ ಬರೆವಣಿಗೆಯೊಡನೆ, 1866ರಲ್ಲಿ ಧಾರವಾಡ ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದುವು.

ಹಳೇಬೀಡಿನ ಕೇದಾರೇಶ್ವರ ಗುಡಿಯ ಕಥೆ ಇವುಗಳಿಗೆ ಸಂಬಂಧಪಟ್ಟದ್ದು. ಆ ಕಾಲದಲ್ಲಿ ತೆಗೆದ ಪಟದಲ್ಲಿ ಗುಡಿಗೆ ಶಿಖರವಿದೆ. ಆದರೆ ಶಿಖರದ ಕಲ್ಲುಗಳ ನಡುವೆ ಗಿಡಮರಗಳು ಬೇರುಬಿಟ್ಟಿವೆ. ಬೇರು ಎಷ್ಟು ಮೆತ್ತಗಿನ ವಸ್ತು, ಕಲ್ಲು ಎಷ್ಟು ಗಟ್ಟಿಯಾದದ್ದು! ಆದರೂ ಬೇರು ದಿನಕ್ಕೆ ಕೂದಲೆಳೆಯಷ್ಟು ಬೆಳೆಯುವುದನ್ನು ಬಿಡುವುದಿಲ್ಲ. ಕಡೆಗೆ ಶಿಖರ ಕುಸಿಯಿತು. ಗುಡಿಯನ್ನು ಮರಳಿ ಜೋಡಿಸಿದರು; ಶಿಖರ ಮಾತ್ರ ಮರಳಲಿಲ್ಲ. ಪಟದಲ್ಲಿ ರೋಗವೂ ಇದೆ, ರೋಗಿಯೂ ಇದ್ದಾನೆ. ನೋಡಿದವರಿದ್ದರು, ಬರೆದವರಿದ್ದರು, ಗಿಡವನ್ನು ಕಿತ್ತವರು ಮಾತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಛಾಯಾಚಿತ್ರವು ಎಚ್ಚರಿಕೆ ಕೊಡಬಲ್ಲುದೇ ಹೊರತು ತಾನೇ ಕುಡುಗೋಲು ಹಿಡಿಯಲಾರದು.

ಈಗ ಪಟ ತೆಗೆಯುವವನ ಕೈಚಳಕದ ವಿಷಯವಾಗಿ ನಾಲ್ಕು ಮಾತು. ಎತ್ತರವಾದ ಗೋಪುರದ ಬುಡದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆ ವಾಲಿಸಿದರೆ, ಪಟದಲ್ಲಿ ಗೋಪುರದ ಎರಡು ಅಂಚುಗಳೂ ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗಿ, ಕಟ್ಟಡವು ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ವಾಸ್ತುಚಿತ್ರಗಾರನಿಗೆ ಇದು ದೊಡ್ಡ ದೋಷ. ಆತನು ಕ್ಯಾಮರಾವನ್ನು ನೀರುಮಟ್ಟಕ್ಕೆ ನಿಲ್ಲಿಸಿ, ಫಲಕವನ್ನು ಗೋಡೆಗೆ ಸಮಾನಾಂತರವಾಗಿ ಇಟ್ಟು, ಮಸೂರವನ್ನು ಮಾತ್ರ ಅದರ ಚೌಕಟ್ಟಿನಲ್ಲಿ ಮೇಲಕ್ಕೆ ಸರಿಸುತ್ತಾನೆ. ಆಗ ಕಂಬಗಳು ಕಂಬಗಳಂತೆ ನೆಟ್ಟಗೆ ನಿಲ್ಲುತ್ತವೆ, ಗೋಪುರದ ತುದಿಯೂ ಒಳಕ್ಕೆ ಬರುತ್ತದೆ. ಮಸೂರವನ್ನು ಮಿತಿಮೀರಿ ಏರಿಸಿದರೆ ಅದು ಬೀರುವ ಬೆಳಕಿನ ವರ್ತುಲವು ಫಲಕದ ಮೂಲೆಗಳನ್ನು ಮುಟ್ಟುವುದಿಲ್ಲ. ಪಟದ ಮೇಲಿನ ಮೂಲೆಗಳು ಕಮಾನಿನಂತೆ ಕಪ್ಪಾಗುತ್ತವೆ. ಪ್ಯಾರಿಸ್ ನಗರದ ಪ್ರಸಿದ್ಧ ಚಿತ್ರಗಾರ ಅಜೇ ಎಂಬಾತನ ಅನೇಕ ಪಟಗಳಲ್ಲಿ ಈ ಕಪ್ಪು ಮೂಲೆಗಳಿವೆ. ಕಟ್ಟಡ ನೆಟ್ಟಗಿರಲಿ, ಮೂಲೆ ಕಪ್ಪಾದರೆ ಆಗಲಿ ಎಂಬುದು ಆತನ ನಿರ್ಣಯವಾಗಿದ್ದಿರಬೇಕು.

ಆ ಹಳೆಯ ರಾಸಾಯನಿಕಗಳಿಗೆ ಇನ್ನೊಂದು ಸ್ವಭಾವವಿತ್ತು. ಅವು ನೀಲಿಯ ಬೆಳಕಿಗೆ ಬೇಗನೆ ಕರಗುತ್ತಿದ್ದುವು, ಕೆಂಪಿಗೂ ಹಸಿರಿಗೂ ಮನಸ್ಸು ಕೊಡುತ್ತಿರಲಿಲ್ಲ. ಆದುದರಿಂದ ಆ ಪಟಗಳಲ್ಲಿ ಆಕಾಶವು ಮೋಡವಿಲ್ಲದೆ ಬರಿಯ ಬೆಳ್ಳಗಿದೆ, ಮರಗಳು ಕಪ್ಪಾಗಿವೆ. ಟ್ರೈಪನಂಥವರು ಬರಿದಾದ ಆಕಾಶವನ್ನು ಸಹಿಸದೆ ನೆಗೆಟಿವಿನ ಮೇಲೆ ಕುಂಚದಿಂದ ಮೋಡಗಳನ್ನು ಬರೆದದ್ದೂ ಉಂಟು. ಕ್ಯಾಮರಾ ಸುಳ್ಳು ಹೇಳುವುದಿಲ್ಲವೆಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಮೋಡಗಳ ನೆನಪಾಗುತ್ತದೆ.

ಮೋಡಕ್ಕಿಂತ ದೊಡ್ಡದಾದ ಇನ್ನೊಂದು ಸುಳ್ಳಿದೆ. ಅದು ನಿರ್ಜನತೆ. ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯುವಾಗ ಬೀದಿಯಲ್ಲಿ ನಡೆದುಹೋದವರ ಗುರುತು ಕಾಗದದ ಮೇಲೆ ನಿಲ್ಲುವುದಿಲ್ಲ. ಕದಲದೆ ಕುಳಿತವನು ಮಾತ್ರ ಉಳಿಯುತ್ತಾನೆ. ಕೊಡ ಹೊತ್ತು ನಡೆದವಳು, ದನ ಅಟ್ಟಿಕೊಂಡು ಬಂದವನು, ಓಡಿಹೋದ ಮಗು, ಇವರೆಲ್ಲರೂ ಮಂಜಿನಂತೆ ಮಾಯವಾಗುತ್ತಾರೆ. ಹೀಗೆ ಜನರು ಬಾಳುತ್ತಿದ್ದ ಊರುಗಳೂ ಪಟದಲ್ಲಿ ಬಿಕೋ ಎನ್ನುವ ಹಾಳೂರುಗಳಾದುವು. ಆ ಪಟಗಳನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ, ಹಳೆಯ ಕಟ್ಟಡವೆಂದರೆ ಜನರಿಲ್ಲದ ಕಟ್ಟಡ ಎಂಬ ಭಾವನೆ ಬೇರೂರಿತು. ಹಂಪೆಯ ವಿರೂಪಾಕ್ಷನ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರಗಳು ವಾಸವಾಗಿದ್ದುವು, ಅಂಗಡಿಗಳಿದ್ದುವು. 2011ರಲ್ಲಿ ಅವನ್ನೆಲ್ಲ ತೆರವುಮಾಡಿಸಲಾಯಿತು. ಕಲ್ಲಿನ ಕಂಬಗಳಿಗೆ ಸೇರಿಸಿ ಕಟ್ಟಿದ ಗೋಡೆಗಳಿಂದ ಸ್ಮಾರಕಕ್ಕೆ ಹಾನಿಯಾಗುತ್ತಿತ್ತೆಂಬ ವಾದದಲ್ಲಿ ಸತ್ಯವಿದ್ದೀತು. ಬಜಾರೆಂಬುದು ಕೊಳ್ಳುವವರೂ ಮಾರುವವರೂ ಇದ್ದರೆ ತಾನೆ ಬಜಾರು ಎಂಬ ವಾದದಲ್ಲಿಯೂ ಸತ್ಯವಿದೆ. ಎರಡನ್ನೂ ತೂಗಿನೋಡಬೇಕಾದ ಈ ಪ್ರಶ್ನೆಯನ್ನು ಇಲ್ಲಿ ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. 1856ರ ಕ್ಯಾಮರಾ ಜನರನ್ನು ಕಾಣದೆ ಹೋದದ್ದು ಅದರ ದೌರ್ಬಲ್ಯದಿಂದ. ನಮಗೆ ಆ ನೆವವಿಲ್ಲ ಎಂಬುದನ್ನಷ್ಟೇ ಸೂಚಿಸುತ್ತೇನೆ.

ಇನ್ನು ಪ್ಯಾರಿಸ್ ನಗರಕ್ಕೆ ಬರೋಣ. 1853ರಿಂದ 1870ರವರೆಗೆ ಓಸ್ಮಾನ್ ಎಂಬ ಅಧಿಕಾರಿಯ ಆಡಳಿತದಲ್ಲಿ ಆ ಪಟ್ಟಣದ ಹಳೆಯ ಗಲ್ಲಿಗಳನ್ನು ಕೆಡವಿ ನೇರವಾದ ಹೆಬ್ಬೀದಿಗಳನ್ನು ಮಾಡಿದರು. ಕೆಡವುವುದಕ್ಕೆ ಮುಂಚೆ ಆ ಗಲ್ಲಿಗಳ ಚಿತ್ರಗಳನ್ನು ತೆಗೆದಿಡಬೇಕೆಂದು ನಗರದ ಆಡಳಿತವೇ ಶಾರ್ಲ್ ಮಾರ್ವೀಲ್ ಎಂಬಾತನನ್ನು ನಿಯೋಜಿಸಿತು. ಆತನು 1865ರ ಸುಮಾರಿನಲ್ಲಿ ನಾನೂರಕ್ಕೂ ಹೆಚ್ಚು ಬೀದಿಗಳ ಪಟಗಳನ್ನು ತೆಗೆದನು. ಒದ್ದೆಯಾದ ಕಲ್ಲುಹಾಸು, ನಡುವೆ ಹರಿಯುವ ಮೋರಿ, ಬಾಗಿದ ಗೋಡೆಗಳು, ಗೋಡೆಯ ಮೇಲಿನ ಅಂಗಡಿಯ ಹೆಸರುಗಳು, ಎಲ್ಲವೂ ಅದ್ಭುತವಾದ ಸ್ಫುಟತೆಯಿಂದ ಮೂಡಿವೆ. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಕೆಡವಿದವರೂ ಪಟ ತೆಗೆಯಿಸಿದವರೂ ಒಂದೇ ಮನೆಯವರು. ಪಟ ತೆಗೆದಾಯಿತು, ಇನ್ನು ಗುದ್ದಲಿ ಹಾಕಬಹುದು ಎಂಬ ಸಮಾಧಾನವನ್ನು ಛಾಯಾಚಿತ್ರವು ಅವರಿಗೆ ಒದಗಿಸಿಕೊಟ್ಟಿತೇ? ಈ ಸಂದೇಹ ನನ್ನನ್ನು ಬಹಳ ದಿನದಿಂದ ಕಾಡಿದೆ. ಆ ಗಲ್ಲಿಗಳಲ್ಲಿ ಕೊಳೆಯೂ ರೋಗವೂ ಇದ್ದುವು, ಹೊಸ ಬೀದಿಗಳಿಂದ ಗಾಳಿ ಬೆಳಕು ಬಂದುವು, ಒಪ್ಪತಕ್ಕದ್ದೇ. ಆದರೆ ಪಟವು ಕಟ್ಟಡಕ್ಕೆ ಬದಲಿಯಾಗಿ ಕೊಟ್ಟ ರಸೀತಿಯಾಗಬಾರದು.

ಒಂದು ತಲೆಮಾರು ಕಳೆದ ಮೇಲೆ ಅದೇ ಪ್ಯಾರಿಸ್ಸಿನಲ್ಲಿ, ಆಗಲೇ ಹೇಳಿದ ಯೂಜೆನ್ ಅಜೇ ಎಂಬಾತನು ಯಾರ ಅಪ್ಪಣೆಯೂ ಇಲ್ಲದೆ ಈ ಕೆಲಸಕ್ಕೆ ಕೈಹಾಕಿದನು. ಮೊದಲು ನಾಟಕಗಳಲ್ಲಿ ಪಾತ್ರವಹಿಸುತ್ತಿದ್ದು ಅಲ್ಲಿ ಏಳಿಗೆ ಕಾಣದೆ ಬಂದವನು ಈತ. ಚಿತ್ರಕಾರರಿಗೆ ಬೇಕಾದ ಆಧಾರಚಿತ್ರಗಳನ್ನು ಮಾರಿ ಹೊಟ್ಟೆ ಹೊರೆಯುತ್ತ, ಬೆಳಗಿನ ಜಾವದಲ್ಲಿ ಭಾರವಾದ ಪೆಟ್ಟಿಗೆಯನ್ನೂ ಗಾಜಿನ ಫಲಕಗಳನ್ನೂ ಹೊತ್ತುಕೊಂಡು ಹೊರಟು, ಮೂವತ್ತು ವರ್ಷಗಳಷ್ಟು ಕಾಲ ಬಾಗಿಲುಗಳ ಬಡಿಗೋಲುಗಳನ್ನೂ, ಮೆಟ್ಟಿಲ ಕಟಕಟೆಗಳನ್ನೂ, ಹಿತ್ತಿಲ ಅಂಗಳಗಳನ್ನೂ, ಅಂಗಡಿಯ ಕಿಟಕಿಗಳನ್ನೂ ಚಿತ್ರಿಸಿದನು. 1920ರಲ್ಲಿ ಎರಡು ಸಾವಿರದ ಆರುನೂರಕ್ಕೂ ಮಿಕ್ಕ ಫಲಕಗಳನ್ನು ಫ್ರೆಂಚ್ ಸರಕಾರಕ್ಕೆ ಹತ್ತು ಸಾವಿರ ಫ್ರಾಂಕುಗಳಿಗೆ ಒಪ್ಪಿಸಿದನು. 1927ರಲ್ಲಿ ಆತನು ತೀರಿಕೊಂಡಾಗ ಮನೆಯಲ್ಲಿ ಉಳಿದಿದ್ದ ಫಲಕಗಳನ್ನೂ ಪಟಗಳನ್ನೂ ಬೆರೆನಿಸ್ ಆಬಟ್ ಎಂಬ ಅಮೆರಿಕದ ತರುಣಿ ಕೊಂಡು ಕಾಪಾಡಿದಳು. ಅವು 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವನ್ನು ಸೇರಿದುವು. ಅಜೇ ತನ್ನನ್ನು ಕಲಾವಿದನೆಂದು ಸಾರಿಕೊಂಡವನಲ್ಲ. ಒಂದು ಊರನ್ನು ತಾಳ್ಮೆಯಿಂದ ಬಾಗಿಲು ಬಾಗಿಲಿಗೆ ನಿಂತು ನೋಡಿದನು, ಅಷ್ಟೆ. ಹಾಗೆ ನೋಡುವುದೇ ಕಲೆಯಾಯಿತು.

ಲಂಡನ್ನಿನದು ಮೂರನೆಯ ಬಗೆ. ಅಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಹಳೆಯ ಛತ್ರವನ್ನು ಕೆಡವುವರೆಂಬ ಸುದ್ದಿ ತಿಳಿದಾಗ, 1875ರಲ್ಲಿ ಕೆಲವು ಮಂದಿ ನಾಗರಿಕರು ಸೇರಿ ಹಳೆಯ ಲಂಡನ್ನಿನ ಅವಶೇಷಗಳ ಛಾಯಾಚಿತ್ರ ಸಂಘವೆಂಬುದನ್ನು ಕಟ್ಟಿದರು. ಚಂದಾದಾರರ ಹಣದಿಂದ ವರ್ಷ ವರ್ಷವೂ ಕೆಲವು ಕಟ್ಟಡಗಳ ಪಟಗಳನ್ನು ತೆಗೆಯಿಸಿ, 1886ರ ಹೊತ್ತಿಗೆ ನೂರ ಇಪ್ಪತ್ತು ಪಟಗಳನ್ನು ಹೊರತಂದರು. ಬೆಳ್ಳಿಯಿಂದಾದ ಪಟಗಳು ಕಾಲಕ್ರಮದಲ್ಲಿ ಮಾಸುವುವೆಂದು ತಿಳಿದು, ಇಂಗಾಲದ ಕಣಗಳಿಂದ ಮುದ್ರಿಸುವ ಹೆಚ್ಚು ಬಾಳಿಕೆಯ ಕ್ರಮವನ್ನು ಆರಿಸಿಕೊಂಡರು. ಆದುದರಿಂದಲೇ ಆ ಪಟಗಳು ಈಗಲೂ ಮಸಿಯಂಥ ಕಪ್ಪಿನಿಂದ ತುಂಬಿವೆ. ಛತ್ರ ಉಳಿಯಲಿಲ್ಲ. ಆದರೆ ಊರಿನ ನೆನಪು ಊರಿನವರ ಹೊಣೆ ಎಂಬ ಭಾವನೆ ಉಳಿಯಿತು.

ಇಂಥ ದಾಖಲೆಗಳು ಕೇವಲ ನೆನಪಿಗಲ್ಲ, ಕೆಲಸಕ್ಕೂ ಬರುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ವಾರ್ಸಾ ನಗರದ ಹಳೆಯ ಪೇಟೆಯನ್ನು ಶತ್ರುಗಳು ನೆಲಸಮಮಾಡಿದರು. ಯುದ್ಧಕ್ಕೆ ಮುಂಚೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಳತೆ ತೆಗೆದು ಬರೆದಿದ್ದ ನಕ್ಷೆಗಳು, ಹಿಂದಿನ ವರ್ಣಚಿತ್ರಗಳು, ಛಾಯಾಚಿತ್ರಗಳು, ಇವುಗಳ ಆಧಾರದಿಂದ ಆ ಪೇಟೆಯನ್ನು ಮರಳಿ ಕಟ್ಟಿದರು. 1980ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು. ಪಟದಿಂದ ಊರು ಮರಳಿ ಹುಟ್ಟಿದ್ದು ಕಥೆಯಲ್ಲ, ನಡೆದ ಸಂಗತಿ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮೈಸೂರಿನ ಕಡೆಗೆ ತಿರುಗದಿದ್ದರೆ ಮಾತು ಪೂರ್ತಿಯಾಗದು. 1897ರಲ್ಲಿ ಮದುವೆಯ ಸಡಗರದ ನಡುವೆ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಈಗಿರುವ ಅರಮನೆ ಹೆನ್ರಿ ಇರ್ವಿನ್ ಎಂಬಾತನ ಯೋಜನೆಯಂತೆ ಎದ್ದು 1912ರಲ್ಲಿ ಪೂರ್ಣವಾಯಿತು. ಮರದ ಅರಮನೆಯ ಮುಖಮಂಟಪ ಹೇಗಿತ್ತೆಂಬುದನ್ನು ನಾವು ತಿಳಿಯುವುದು ಉಳಿದುಬಂದ ಹಳೆಯ ಪಟಗಳಿಂದಲೇ. ಅರಮನೆಯಾದುದರಿಂದ ಪಟಗಳಾದರೂ ಇವೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಇವು ದೊಡ್ಡ ಕಟ್ಟಡಗಳು, ಇವುಗಳಿಗಾಗಿ ವಾದಿಸುವವರಿದ್ದಾರೆ. ಅಗ್ರಹಾರದ ಬೀದಿಯ ಸಾಲುಮನೆಗಳ ಪರವಾಗಿ ವಾದಿಸುವವರು ಯಾರು?

ಇಲ್ಲಿ ನನ್ನ ಸ್ವಂತದ ಮಾತೊಂದನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ತಾತನವರ ಮನೆ ಅಂಥದೊಂದು ಬೀದಿಯಲ್ಲಿತ್ತು. ಬೀದಿಗೆ ಜಗಲಿ, ಜಗಲಿಗೆ ಎರಡು ಮರದ ಕಂಬ, ಒಳಗೆ ತೊಟ್ಟಿ, ಅದರ ಸುತ್ತ ಹಜಾರ. ಪಾಲಾದಾಗ ಮನೆ ಮಾರಾಟವಾಯಿತು, ಕೊಂಡವರು ಕೆಡವಿದರು. ಅದರಲ್ಲಿ ತಪ್ಪೆಣಿಸಲು ನನಗೆ ಅಧಿಕಾರವಿಲ್ಲ, ಮಾರಿದವರು ನಾವೇ. ಅನಂತರ ಒಂದು ದಿನ ಆ ಕಂಬದ ಮೇಲಿನ ಕೆತ್ತನೆ ಹೇಗಿತ್ತೆಂದು ನನ್ನ ಮಗಳು ಕೇಳಿದಳು. ಮನೆಯಲ್ಲಿದ್ದ ಪಟಗಳನ್ನೆಲ್ಲ ಕೆದಕಿದೆ. ಮದುವೆಯ ಪಟ, ಉಪನಯನದ ಪಟ, ಷಷ್ಟಿಪೂರ್ತಿಯ ಪಟ, ಎಲ್ಲದರಲ್ಲಿಯೂ ಬಂಧುಗಳು ಸಾಲಾಗಿ ಕುಳಿತಿದ್ದಾರೆ, ನಿಂತಿದ್ದಾರೆ. ಕಂಬ ಅವರ ಹಿಂದೆ ಅಡಗಿದೆ. ಕಡೆಗೆ ಒಂದು ಪಟದಲ್ಲಿ, ಸೋದರತ್ತೆಯ ಹೆಗಲಿಗೂ ಇನ್ನಾರದೋ ಪೇಟಕ್ಕೂ ನಡುವೆ, ಕಂಬದ ಒಂದು ಗೇಣಿನಷ್ಟು ಭಾಗ ದೊರೆಯಿತು. ಅದರಲ್ಲಿ ಗಿಳಿಯ ಕೊಕ್ಕೊಂದು ಕಾಣುತ್ತದೆ. ಐವತ್ತು ವರ್ಷ ಆ ಜಗಲಿಯ ಮೇಲೆ ಕುಳಿತ ಮನೆತನಕ್ಕೆ ಉಳಿದದ್ದು ಅಷ್ಟು. ಪಟ ತೆಗೆಯುವವನನ್ನು ಮನೆಗೆ ಕರೆಸಿದ್ದೆವು, ಹಣ ಕೊಟ್ಟಿದ್ದೆವು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕಂಬದ ಒಂದು ಪಟ ತೆಗೆಯಪ್ಪಾ ಎಂದು ಹೇಳುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಆದಕಾರಣ ನನ್ನ ವಿಜ್ಞಾಪನೆ ಇಷ್ಟು. ನೀವು ಗ್ರೀನ್‌ಲಾನಂತೆ ಪೆಟ್ಟಿಗೆ ಹೊರಬೇಕಾಗಿಲ್ಲ. ರಾತ್ರಿಯೆಲ್ಲ ಕೂತು ಕಾಗದ ತೊಳೆಯಬೇಕಾಗಿಲ್ಲ. ನೀವಿರುವ ಬೀದಿಯ ಹಳೆಯ ಮನೆಗಳ ಮುಂದೆ, ಬೆಳಗಿನ ಓರೆಬಿಸಿಲಿನಲ್ಲಿ, ಕ್ಯಾಮರಾವನ್ನು ವಾಲಿಸದೆ ನೆಟ್ಟಗೆ ಹಿಡಿದು ನಿಲ್ಲಿರಿ. ಮೊದಲು ಬೀದಿಯ ಸಾಲು, ಆಮೇಲೆ ಮನೆಯ ಮುಖ, ಆಮೇಲೆ ಬಾಗಿಲುವಾಡ, ಕಂಬ, ಕಿಟಕಿಯ ಸರಳು, ಹೀಗೆ ಕ್ರಮವಾಗಿ ತೆಗೆಯಿರಿ. ಮನೆಯವರ ಅಪ್ಪಣೆ ಕೇಳಿರಿ; ಅವರು ಜಗಲಿಯ ಮೇಲೆ ಕುಳಿತಿದ್ದರೆ ಏಳಿಸಬೇಡಿರಿ, ಅವರೂ ಪಟದಲ್ಲಿ ಇರಲಿ. ಬೀದಿಯ ಹೆಸರನ್ನೂ ದಿನಾಂಕವನ್ನೂ ನೀವು ನಿಂತ ಸ್ಥಳವನ್ನೂ ಬರೆದಿಡಿರಿ; ಹೆಸರಿಲ್ಲದ ಪಟವು ವಿಳಾಸವಿಲ್ಲದ ಕಾಗದದಂತೆ. ಒಂದು ಪ್ರತಿಯನ್ನಾದರೂ ಒಳ್ಳೆಯ ಕಾಗದದ ಮೇಲೆ ಅಚ್ಚುಹಾಕಿಸಿ ಊರಿನ ಪುಸ್ತಕಭಂಡಾರಕ್ಕೆ ಒಪ್ಪಿಸಿರಿ. ಯಂತ್ರದೊಳಗೆ ಅಡಗಿರುವ ಸಾವಿರ ಪಟಗಳು ಆ ಯಂತ್ರದೊಡನೆಯೇ ಹೋಗುತ್ತವೆ. ಮೇಣದ ಕಾಗದವಾದರೋ ನೂರ ಅರವತ್ತು ವರ್ಷಗಳನ್ನು ದಾಟಿ ಬಂದಿದೆ.

ಪಟ ತೆಗೆದ ಮಾತ್ರಕ್ಕೆ ಕರ್ತವ್ಯ ತೀರಿತೆಂದು ತಿಳಿಯಬಾರದು. ಹಳೇಬೀಡಿನ ಶಿಖರದ ಮೇಲಿನ ಗಿಡವನ್ನು ನೆನಪಿಡಿರಿ. ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಕಂಡರೆ ಪಟ ತೆಗೆಯಿರಿ. ತೆಗೆದ ಮೇಲೆ ಅದನ್ನು ಬೇರುಸಹಿತ ಕೀಳಿಸಿರಿ. ಮೊದಲನೆಯದು ಮುಂದಿನವರಿಗಾಗಿ, ಎರಡನೆಯದು ಈಗಿನವರಿಗಾಗಿ. ಎರಡೂ ನಡೆದರೆ ಆ ಮುಂದಿನವರು ಪಟವನ್ನು ಕೈಯಲ್ಲಿ ಹಿಡಿದುಕೊಂಡು ನಾವು ನಿಂತಿದ್ದ ಜಾಗಕ್ಕೆ ಬಂದು, ತಲೆಯೆತ್ತಿ ನೋಡಿ, ‘ಹಾಗೆಯೇ ಇದೆ’ ಎಂದು ಹೇಳಿಯಾರು. ಹಳೆಯ ನಗರದ ಛಾಯಾಚಿತ್ರಗಾರನಿಗೆ ಅದಕ್ಕಿಂತ ಹೆಚ್ಚಿನ ಬಹುಮಾನ ಇರಲಾರದು.